ಬಟ್ಟೆಯ ಬುಟ್ಟಿ ನೆಟ್ಟಗೆ ನಿಲ್ಲಬೇಕಾದರೆ

ನಾನು ಹೊಲಿದ ಮೊದಲ ಬಟ್ಟೆ ಬುಟ್ಟಿ ಮೂರು ದಿನ ನಿಂತಿತ್ತು. ನಾಲ್ಕನೇ ದಿನ ಬೆಳಗ್ಗೆ ನೋಡಿದರೆ ಬಾಡಿದ ಸೋರೆಕಾಯಿ ಹಾಗೆ ಒಂದು ಕಡೆ ವಾಲಿಕೊಂಡಿತ್ತು. ಒಳಗೆ ಇದ್ದದ್ದಾದರೂ ಏನು? ಮಗಳ ನಾಲ್ಕು ಜೊತೆ ಕಾಲುಚೀಲ, ಎರಡು ರಿಬ್ಬನ್. ಬಟ್ಟೆ ತೆಳ್ಳಗಾಯಿತು ಅಂದುಕೊಂಡು ಎರಡನೇ ಬುಟ್ಟಿಗೆ ಹಳೇ ಜೀನ್ಸ್ ಪ್ಯಾಂಟ್ ಕತ್ತರಿಸಿ ಹಾಕಿದೆ, ಒಳಗೆ ಫೋಮ್ ಕೂಡ ಇಟ್ಟೆ. ಅದು ಮೂರು ದಿನವೂ ನಿಲ್ಲಲಿಲ್ಲ. ಭಾರ ಜಾಸ್ತಿ ಆಯಿತು ಅಲ್ವಾ!

ಉತ್ತರ ಸಿಕ್ಕಿದ್ದು ಹೊಲಿಗೆ ಮೆಷಿನ್ ಹತ್ತಿರ ಅಲ್ಲ, ಹಿತ್ತಲಲ್ಲಿ. ನಮ್ಮ ತುಮಕೂರಿನ ಕಡೆ ಬೇಸಿಗೆ ಬಂತೆಂದರೆ ಮನೆಮನೆಯಲ್ಲೂ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸ. ಅತ್ತೆ ಬಿಡಿಸಿದ ಹಣ್ಣನ್ನು ಬಿದಿರಿನ ಮಂಕರಿಗೆ ಹಾಕುತ್ತಿದ್ದರು. ಆ ಮಂಕರಿಯ ಪಕ್ಕಗಳನ್ನು ಮುಟ್ಟಿ ನೋಡಿದೆ. ಸೀಳು ಬಿದಿರು, ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಆದರೆ ಕಂಠದಲ್ಲಿ ಮಾತ್ರ ದಪ್ಪ ಸೀಳುಗಳನ್ನು ಒಳಗೊಂದು ಹೊರಗೊಂದು ಇಟ್ಟು ಬಿಗಿಯಾಗಿ ಸುತ್ತಿ ಕಟ್ಟಿದ್ದಾರೆ. ಮಂಕರಿ ನಿಂತಿರುವುದು ಆ ಕಂಠದ ಬಲದಿಂದ. ಇನ್ನೊಂದು, ಟೀವಿ ಪಕ್ಕದಲ್ಲಿಟ್ಟ ಲಗ್ನಪತ್ರಿಕೆ ನೋಡಿ. ಒಂದೇ ಹಾಳೆಯಾಗಿದ್ದರೆ ಬೀಳುತ್ತದೆ. ನಡುವೆ ಮಡಿಚಿ ಸ್ವಲ್ಪ ತೆರೆದಿಟ್ಟರೆ ಅದೇ ಕಾಗದ ನೆಟ್ಟಗೆ ನಿಲ್ಲುತ್ತದೆ. ಕಾಗದದ ದಪ್ಪ ಹೆಚ್ಚಲಿಲ್ಲ, ಮಡಿಕೆ ಬಂತು ಅಷ್ಟೇ.

ಬಟ್ಟೆ ಬುಟ್ಟಿಗೂ ಇದೇ ಲೆಕ್ಕ. ಗೋಡೆಯನ್ನು ದಪ್ಪ ಮಾಡುತ್ತಾ ಹೋಗಬೇಡಿ. ಮೂಲೆಯ ಮಡಿಕೆ ಮತ್ತು ಕಂಠ, ಈ ಎರಡನ್ನು ಗಟ್ಟಿ ಮಾಡಿ. ಕೆಳಗಿನ ವಿಧಾನದಲ್ಲಿ ಅರ್ಧಕ್ಕಿಂತ ಹೆಚ್ಚು ಶ್ರಮ ಅಲ್ಲಿಗೇ ಹೋಗುತ್ತದೆ. ನೇರ ಹೊಲಿಗೆ ಬರುವವರು ಯಾರಾದರೂ ಮಾಡಬಹುದು. ಬ್ಲೌಸ್ ಹೊಲಿಯುವವರಿಗಂತೂ ಇದು ಆಟ. ಒಂದು ಮಧ್ಯಾಹ್ನ, ಊಟ ಆದ ಮೇಲೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತದೆ.

ಏನೇನು ಬೇಕು

ಹೊರಗಿನ ಬಟ್ಟೆಗೆ ಕಾಟನ್ ಕ್ಯಾನ್ವಾಸ್ ಅಥವಾ ಕೇಸ್‌ಮೆಂಟ್ ಬಟ್ಟೆ ಒಳ್ಳೆಯದು. ಕೈಮಗ್ಗದ ಹಳೇ ಬೆಡ್‌ಶೀಟ್ ಕೂಡ ನಡೆಯುತ್ತದೆ. 44 ಇಂಚು ಪನ್ನ, ಅಂದರೆ ಬಟ್ಟೆಯ ಅಗಲ, ಇದ್ದರೆ ಮುಕ್ಕಾಲು ಮೀಟರ್ ತೆಗೆದುಕೊಳ್ಳಿ. ಕಾಗದದ ಮೇಲಿನ ಲೆಕ್ಕಕ್ಕೆ ಅರ್ಧ ಮೀಟರ್ ಸಾಕು, ಆದರೆ ತೊಳೆದ ಮೇಲೆ ಬಟ್ಟೆ ಕುಗ್ಗಿದರೆ ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ. ಒಳಗಿನ ಲೈನಿಂಗ್‌ಗೆ ತೆಳು ಕಾಟನ್, ಅದೂ ಮುಕ್ಕಾಲು ಮೀಟರ್. ಲೈನಿಂಗ್ ತಿಳಿ ಬಣ್ಣದ್ದಿರಲಿ. ಕಪ್ಪು ಲೈನಿಂಗ್ ಹಾಕಿದ ಬುಟ್ಟಿಯಲ್ಲಿ ಬಿದ್ದ ಹೇರ್‌ಪಿನ್ ಹುಡುಕುವುದು ಬಾವಿಗೆ ಪಾತಾಳಗರಡಿ ಬಿಟ್ಟ ಹಾಗೆ.

ಗೋಣಿಚೀಲದ ಬಟ್ಟೆ ಚೆನ್ನಾಗಿ ಕಾಣುತ್ತದೆ, ನಿಜ. ಕೊಬ್ಬರಿ ಸೀಮೆಯವರಾದ ನಮ್ಮ ಮನೆಗಳಲ್ಲಿ ಗೋಣಿಗೇನೂ ಬರ ಇಲ್ಲ. ಆದರೂ ಮೊದಲ ಬುಟ್ಟಿಗೆ ಬೇಡ. ಕತ್ತರಿಸಿದ ಕಡೆಯೆಲ್ಲ ಎಳೆ ಬಿಚ್ಚಿಕೊಳ್ಳುತ್ತದೆ, ಎಳೆದ ಕಡೆಗೆ ಹಿಗ್ಗುತ್ತದೆ, ಮೆಷಿನ್ ತುಂಬ ನಾರು. ಕೈ ಪಳಗಿದ ಮೇಲೆ ನೋಡೋಣ.

ಗಟ್ಟಿತನಕ್ಕೆ ಎರಡು ಬಗೆ ಬೇಕು. ಒಂದು ಕಾಲರ್‌ಗೆ ಹಾಕುವ ಫ್ಯೂಸಿಂಗ್ ಕ್ಯಾನ್ವಾಸ್, ಅಂದರೆ ಒಂದು ಬದಿಯಲ್ಲಿ ಅಂಟಿನ ಚುಕ್ಕಿ ಇದ್ದು ಇಸ್ತ್ರಿ ಮಾಡಿದರೆ ಹತ್ತಿಕೊಳ್ಳುವುದು. ಇನ್ನೊಂದು ಗಟ್ಟಿ ಬಕ್ರಂ, ಅಂದರೆ ಬಟ್ಟೆ ನೆಟ್ಟಗಿರಲು ಒಳಗೆ ಹಾಕುವ ಬಿರುಸು ಬಟ್ಟೆ. ಎರಡೂ ಮುಕ್ಕಾಲು ಮೀಟರ್. ತುಮಕೂರಿನ ಎಂ.ಜಿ. ರಸ್ತೆಯ ಆಸುಪಾಸಿನ ಯಾವುದೇ ಮ್ಯಾಚಿಂಗ್ ಸೆಂಟರ್‌ನಲ್ಲಿ ಕೇಳಿ. ಸುಮ್ನೆ ‘ಬಕ್ರಂ ಕೊಡಿ’ ಅಂದರೆ ಕೈಗೆ ಸಿಕ್ಕಿದ್ದು ಕೊಡುತ್ತಾರೆ. ‘ಬ್ಯಾಗಿಗೆ ಹಾಕೋ ಗಟ್ಟಿದು’ ಅನ್ನಿ. ಒಂದು ಗೇಣು ತುಂಡನ್ನು ಅಂಚಿನಲ್ಲಿ ಹಿಡಿದು ಅಡ್ಡಲಾಗಿ ಚಾಚಿ ನೋಡಿ. ತುದಿ ಜೋತುಬಿದ್ದರೆ ಅದು ಬೇಡ.

ಬಕ್ರಂನಲ್ಲಿ ಇನ್ನೊಂದು ಮೋಸ ಇದೆ. ಕೆಲವು ಬರೀ ಗಂಜಿ ಹಾಕಿ ಗಟ್ಟಿ ಮಾಡಿದವು. ನೀರು ತಾಗಿದರೆ ಹಳೇ ಪಂಚೆ ಥರ ಮೆತ್ತಗಾಗುತ್ತವೆ. ಒಂದು ಸಲ ಅಂಗಡಿಯಲ್ಲಿ ‘ತೊಳೆದರೂ ಏನೂ ಆಗಲ್ಲಮ್ಮ’ ಅಂತ ಕೊಟ್ಟದ್ದನ್ನು ನಂಬಿ ಮೂರು ಬುಟ್ಟಿ ಹೊಲಿದು, ಮೊದಲ ಒಗೆತಕ್ಕೇ ಮೂರೂ ಮಲಗಿದವು. ಈಗ ಹೊಸ ಬಕ್ರಂ ತಂದ ಕೂಡಲೇ ಮೂಲೆಯೊಂದನ್ನು ಹತ್ತು ನಿಮಿಷ ನೀರಲ್ಲಿ ಅದ್ದಿ ಒಣಗಿಸಿ ನೋಡುತ್ತೇನೆ.

ಗಂಜಿ ಅಂದಾಗ ನೆನಪಾಯಿತು. ನಮ್ಮ ಬಯಲುಸೀಮೆಯ ಕಂಬಳಿ ನೇಯುವವರು ಉಣ್ಣೆ ನೂಲಿಗೆ ಹುಣಸೆಬೀಜದ ಸರಿ ಹಚ್ಚಿ ಗಟ್ಟಿ ಮಾಡಿಕೊಳ್ಳುತ್ತಾರೆ. ಹೊಸ ಕಂಬಳಿ ಅಷ್ಟು ಬಿರುಸಾಗಿರಲು ಅದೂ ಒಂದು ಕಾರಣ. ಅದನ್ನು ನೋಡಿ ನಾನೂ ಬುಟ್ಟಿ ಬಟ್ಟೆಗೆ ಹುಣಸೆಬೀಜ ಬೇಯಿಸಿ ಹಚ್ಚಿದ್ದೆ. ಬಟ್ಟೆ ಹಲಗೆ ಥರ ಆಯಿತು, ಖುಷಿಯಾಯಿತು. ಮಳೆಗಾಲ ಬಂತು, ಮೆತ್ತಗಾಯಿತು. ಆಮೇಲೆ ಜಿರಳೆ ಬಂದವು. ಮಗ್ಗಕ್ಕೆ ಸರಿಯಾದದ್ದು ಬೀರುವಿಗೆ ಸರಿಯಲ್ಲ.

ಫೋಮ್ ಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ಫೋಮ್ ಮೈ ತುಂಬಿದ ಹಾಗೆ ಕಾಣಿಸುತ್ತದೆ, ನಿಲ್ಲಿಸುವುದಿಲ್ಲ. ಹಾಸಿಗೆಯೂ ಗೋಡೆಯೂ ಬೇರೆ ಬೇರೆ ತಾನೆ.

ಇನ್ನು ಚಿಲ್ಲರೆ ಸಾಮಾನು. ಮೂರೆಳೆಯ ಪಾಲಿಯೆಸ್ಟರ್ ನೂಲು, 16 ಮತ್ತು 18ನೇ ನಂಬರ್ ಸೂಜಿ, ಮಾರ್ಕಿಂಗ್ ಚಾಕ್, ಪೆನ್ಸಿಲ್, ಸ್ಕೇಲು, ಬಟ್ಟೆ ಒಣಹಾಕುವ ಕ್ಲಿಪ್ ಒಂದು ಡಜನ್. ಇಷ್ಟು ದಪ್ಪಕ್ಕೆ ಗುಂಡುಸೂಜಿ ಬಗ್ಗುತ್ತದೆ, ಕ್ಲಿಪ್ಪೇ ಸರಿ. ಕಂಠಕ್ಕೆ ಅರ್ಧ ಇಂಚಿನ ಪ್ಲಾಸ್ಟಿಕ್ ಪ್ಯಾಕಿಂಗ್ ಪಟ್ಟಿ, ರಟ್ಟಿನ ಪೆಟ್ಟಿಗೆಗಳಿಗೆ ಬಿಗಿದಿರುತ್ತಾರಲ್ಲ, ಅದು. ದುಡ್ಡು ಕೊಟ್ಟು ತರಬೇಡಿ. ಮಂಡಿಪೇಟೆಯಲ್ಲಿ ದಿನಸಿ ತರಲು ಹೋದಾಗ ಕೇಳಿದರೆ ಮಾರುಗಟ್ಟಲೆ ಸಿಗುತ್ತದೆ, ಅವರಿಗೂ ಕಸ ಕಡಿಮೆ. ತಳಕ್ಕೆ ಮಕ್ಕಳು ಪರೀಕ್ಷೆಗೆ ಒಯ್ಯುವ ಪ್ಲಾಸ್ಟಿಕ್ ಪ್ಯಾಡ್ ಒಂದು. ಕ್ಲಿಪ್ ಮುರಿದದ್ದಾದರೂ ಸರಿ. ರಟ್ಟಿನ ಪ್ಯಾಡ್ ನೀರು ಕುಡಿದು ಉಬ್ಬುತ್ತದೆ, ಅದು ಬೇಡ.

ಅಳತೆಯ ಲೆಕ್ಕ

ನಮ್ಮ ಬುಟ್ಟಿ 12 ಇಂಚು ಉದ್ದ, 8 ಇಂಚು ಅಗಲ, 9 ಇಂಚು ಎತ್ತರ. ಇದನ್ನು ಎರಡೇ ತುಂಡಲ್ಲಿ ಹೊಲಿಯುತ್ತೇವೆ. ಪ್ರತಿ ತುಂಡಿನಲ್ಲಿ ಒಂದು ಉದ್ದದ ಗೋಡೆ, ಅದರ ಎರಡೂ ಪಕ್ಕಕ್ಕೆ ಅರ್ಧರ್ಧ ಅಡ್ಡಗೋಡೆ, ಕೆಳಗೆ ಅರ್ಧ ತಳ ಇರುತ್ತವೆ.

ತುಂಡಿನ ಅಗಲ ಬೇಕಾದರೆ ಬುಟ್ಟಿಯ ಉದ್ದಕ್ಕೆ ಅಗಲ ಸೇರಿಸಿ, ಮಾರ್ಜಿನ್‌ಗೆ, ಅಂದರೆ ಹೊಲಿಗೆಯ ಆಚೆ ಬಿಡುವ ಅಂಚಿಗೆ, ಎರಡು ಬದಿಗೂ ಅರ್ಧರ್ಧದಂತೆ 1 ಇಂಚು ಕೂಡಿಸಿ. 12ಕ್ಕೆ 8 ಸೇರಿದರೆ 20, ಮಾರ್ಜಿನ್ ಸೇರಿ 21. ತುಂಡಿನ ಎತ್ತರಕ್ಕೆ ಬುಟ್ಟಿಯ ಎತ್ತರ, ಅಗಲದ ಅರ್ಧ, ಮತ್ತೆ ಮಾರ್ಜಿನ್ 1 ಇಂಚು. 9ಕ್ಕೆ 4 ಸೇರಿ 13, ಮಾರ್ಜಿನ್ ಸೇರಿ 14. ಕೆಳಗಿನ ಎರಡು ಮೂಲೆಗಳಲ್ಲಿ ಕತ್ತರಿಸಿ ತೆಗೆಯುವ ಚೌಕ ಅಗಲದ ಅರ್ಧ, ಅಂದರೆ 4 ಇಂಚಿಗೆ 4 ಇಂಚು. ಈ ಮೂರು ಲೆಕ್ಕ ಗೋಡೆಗೆ ಬರೆದು ಅಂಟಿಸಿಕೊಂಡರೆ ಯಾವ ಅಳತೆಯ ಬುಟ್ಟಿಯನ್ನಾದರೂ ಹೊಲಿಯಬಹುದು. ಚೌಕಕ್ಕೆ ಮಾರ್ಜಿನ್ ಬೇರೆ ಸೇರಿಸಬೇಕೇನೋ ಅಂತ ಎಲ್ಲರಿಗೂ ಅನುಮಾನ ಬರುತ್ತದೆ. ಬೇಡ. ಎಲ್ಲ ಹೊಲಿಗೆಗೂ ಒಂದೇ ಮಾರ್ಜಿನ್ ಇಟ್ಟರೆ ಅದು ತಾನಾಗಿ ಸರಿಹೋಗುತ್ತದೆ.

ಕತ್ತರಿಸುವ ಮೊದಲು ಹೊರಬಟ್ಟೆ, ಲೈನಿಂಗ್ ಎರಡನ್ನೂ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿ. ಕಾಟನ್ ಒಂದು ಮೀಟರಿಗೆ ಒಂದೆರಡು ಇಂಚು ಕುಗ್ಗುವುದು ಮಾಮೂಲು. ಹಾಗೇ ಹೊಲಿದರೆ ಆಮೇಲೆ ಬಟ್ಟೆ ಕುಗ್ಗುತ್ತದೆ, ಒಳಗಿನ ಕ್ಯಾನ್ವಾಸ್ ಕುಗ್ಗುವುದಿಲ್ಲ, ಮೈತುಂಬ ಗುಳ್ಳೆ ಏಳುತ್ತದೆ.

ಹೊರಬಟ್ಟೆಯಲ್ಲಿ 21ಕ್ಕೆ 14ರ ಎರಡು ತುಂಡು, ಲೈನಿಂಗ್‌ನಲ್ಲಿ ಅದೇ ಅಳತೆಯ ಎರಡು. ನಾಲ್ಕರ ಕೆಳಮೂಲೆಗಳಲ್ಲೂ 4 ಇಂಚಿನ ಚೌಕ ತೆಗೆಯಿರಿ. ಹಿಡಿಗಳಿಗೆ ಹೊರಬಟ್ಟೆಯಲ್ಲೇ 4 ಇಂಚು ಅಗಲ, 11 ಇಂಚು ಉದ್ದದ ಎರಡು ಪಟ್ಟಿ. ಫ್ಯೂಸಿಂಗ್ ಕ್ಯಾನ್ವಾಸ್‌ಗೆ ಮಾರ್ಜಿನ್ ಇಲ್ಲ. 20ಕ್ಕೆ 13ರ ಎರಡು ತುಂಡು, ಅದರ ಮೂಲೆಯಲ್ಲೂ 4 ಇಂಚಿನ ಚೌಕವೇ.

ಗಟ್ಟಿ ಬಕ್ರಂ ಮಾತ್ರ ಬಿಡಿ ಬಿಡಿ ತುಂಡು. ಉದ್ದದ ಗೋಡೆಗೆ 11 ಮುಕ್ಕಾಲು ಇಂಚು ಅಗಲ, 8 ಮುಕ್ಕಾಲು ಎತ್ತರದ ಎರಡು. ಅಡ್ಡಗೋಡೆಯ ಅರ್ಧಗಳಿಗೆ 3 ಮುಕ್ಕಾಲು ಅಗಲ, 8 ಮುಕ್ಕಾಲು ಎತ್ತರದ ನಾಲ್ಕು. ತಳಕ್ಕೆ ಬಕ್ರಂ ಇಲ್ಲ, ಅಲ್ಲಿ ಹಲಗೆ ಬರುತ್ತದೆ. ಯಾಕೆ ಬಿಡಿ ತುಂಡು? ಒಂದೇ ದೊಡ್ಡ ಹಾಳೆ ಹಾಕಿದರೆ ಮೂಲೆಯಲ್ಲಿ ಅದು ಮಡಿಯುವುದಿಲ್ಲ, ಬಾಗುತ್ತದೆ. ಬಾಗಿದ ಗೋಡೆ ಕೊಳವೆ ಆಗುತ್ತದೆ, ಕೊನೆಗೆ ನಾಲ್ಕು ಮೂಲೆಯ ಬುಟ್ಟಿ ಗುಡಾಣದ ಥರ ಕಾಣುತ್ತದೆ. ತುಂಡುಗಳ ನಡುವೆ ಕಾಲು ಇಂಚು ಸಂದು ಬಿಟ್ಟರೆ ಬಟ್ಟೆ ಅಲ್ಲೇ ಚೊಕ್ಕವಾಗಿ ಮಡಿಯುತ್ತದೆ.

ಇಸ್ತ್ರಿಯ ಕೆಲಸ

ಹೊರಬಟ್ಟೆಯನ್ನು ಉಲ್ಟಾ ಹಾಸಿ. ಅದರ ಮೇಲೆ ಫ್ಯೂಸಿಂಗ್ ಕ್ಯಾನ್ವಾಸ್, ಅಂಟಿನ ಬದಿ ಕೆಳಗೆ. ಬೆರಳಾಡಿಸಿದರೆ ಅಂಟಿನ ಬದಿ ಸಣ್ಣ ರವೆಯ ಹಾಗೆ ತರಿತರಿ ಇರುತ್ತದೆ. ಸುತ್ತ ಅರ್ಧ ಇಂಚು ಬಟ್ಟೆ ಕಾಣುವಂತೆ ಕೂರಿಸಿ. ಇಸ್ತ್ರಿಪೆಟ್ಟಿಗೆ ಕಾಟನ್ ಬಿಸಿಯಲ್ಲಿರಲಿ, ಮೇಲೆ ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ಇಸ್ತ್ರಿ ಉಜ್ಜುವುದು. ಶರ್ಟಿಗೆ ಉಜ್ಜಿದ ಹಾಗೆ ಉಜ್ಜಿದರೆ ಕ್ಯಾನ್ವಾಸ್ ಜರುಗಿ ನೆರಿಗೆ ಬೀಳುತ್ತದೆ. ನಮ್ಮ ಪಕ್ಕದ ಮನೆಯ ಅಕ್ಕ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಫ್ಯೂಸಿಂಗ್ ಮಾಡುತ್ತಿದ್ದವರು. ಅವರು ಹೇಳಿಕೊಟ್ಟದ್ದು ಮೂರೇ ಮಾತು: ‘ಇಡು, ಒತ್ತು, ಎತ್ತು.’ ಒಂದು ಕಡೆ ಇಟ್ಟು, ಭಾರ ಬಿಟ್ಟು ಒತ್ತಿ, 15 ಎಣಿಸಿ, ಎತ್ತಿ ಪಕ್ಕಕ್ಕೆ ಇಡಬೇಕು. ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ಹೋಗಿ. ಪೂರ್ತಿ ಆದ ಮೇಲೆ ಬಟ್ಟೆಯನ್ನು ತಕ್ಷಣ ಎತ್ತಬೇಡಿ. ಬಿಸಿ ಇರುವಾಗ ಅಂಟು ಇನ್ನೂ ಮೆತ್ತಗಿರುತ್ತದೆ. ಆರುವ ತನಕ ಅಲ್ಲೇ ಬಿಟ್ಟು ಟೀ ಕುಡಿದು ಬನ್ನಿ.

ಆರಿದ ಮೇಲೆ ಕ್ಯಾನ್ವಾಸ್ ಮೇಲೆ ಪೆನ್ಸಿಲ್ಲಿನಿಂದ ಮೂರು ಗೆರೆ ಎಳೆಯಿರಿ. ಬಟ್ಟೆಯ ಎಡ ಅಂಚಿನಿಂದ ನಾಲ್ಕೂವರೆ ಇಂಚು ಒಳಗೆ ಒಂದು ನೇರ ಗೆರೆ, ಬಲ ಅಂಚಿನಿಂದಲೂ ಹಾಗೇ ಒಂದು, ಕೆಳ ಅಂಚಿನಿಂದ ನಾಲ್ಕೂವರೆ ಇಂಚು ಮೇಲೆ ಒಂದು ಅಡ್ಡಗೆರೆ. ನೇರ ಗೆರೆಗಳು ಬುಟ್ಟಿಯ ಮೂಲೆಗಳು. ಅಡ್ಡಗೆರೆ ತಳ ಶುರುವಾಗುವ ಜಾಗ. ಮೂರು ಗೆರೆಗಳ ಮೇಲೂ ಬಟ್ಟೆಯನ್ನು ಒಮ್ಮೆ ಮಡಿಚಿ, ಉಗುರಲ್ಲಿ ತೀಡಿ, ಇಸ್ತ್ರಿ ಒತ್ತಿ ಬಿಡಿಸಿ. ಮಡಿಕೆಗೆ ಈಗಲೇ ಅಭ್ಯಾಸ ಮಾಡಿಸಿದರೆ ಆಮೇಲೆ ತಾನೇ ದಾರಿ ಹಿಡಿಯುತ್ತದೆ.

ಈಗ ಬಕ್ರಂ ತುಂಡುಗಳನ್ನು ಗೆರೆಗಳ ನಡುವೆ ಕೂರಿಸಿ. ಪ್ರತಿ ಮಡಿಕೆ ಗೆರೆಯಿಂದ ಅರೆಕಾಲು ಇಂಚು ದೂರ, ಅಂದರೆ ಬಡಗಿಗಳ ಲೆಕ್ಕದಲ್ಲಿ ಒಂದು ನೂಲು. ಪಕ್ಕದ ಮಾರ್ಜಿನ್‌ನಿಂದಲೂ ಮೇಲಿನ ಮಾರ್ಜಿನ್‌ನಿಂದಲೂ ಅಷ್ಟೇ ದೂರ. ಅಂಟಿರುವ ಬಕ್ರಂ ಆದರೆ ಇಸ್ತ್ರಿ ಒತ್ತಿ ಕೂರಿಸಿ. ಅಂಟಿಲ್ಲದ್ದಾದರೆ ತುಂಡಿನ ಅಂಚಿನಿಂದ ಕಾಲು ಇಂಚು ಒಳಗೆ ಸುತ್ತಲೂ ಒಂದು ಹೊಲಿಗೆ ಹಾಕಿ. ಹೊರಗೆ ಆ ಹೊಲಿಗೆ ಕಾಣುತ್ತದೆ. ಬೇಕೆಂತಲೇ ಬೇರೆ ಬಣ್ಣದ ನೂಲು ಹಾಕಿದರೆ ಅದೇ ಅಲಂಕಾರ.

ಮೆಷಿನ್ ಸಿದ್ಧತೆ

ಮನೆಯ ಕಪ್ಪು ಮೆಷಿನ್ ಈ ದಪ್ಪ ಹೊಲಿಯುತ್ತದೆ. ಹೊಸ ಪ್ಲಾಸ್ಟಿಕ್ ಮೆಷಿನ್‌ಗಿಂತ ಚೆನ್ನಾಗಿಯೇ ಹೊಲಿಯುತ್ತದೆ ಅಂತ ನನ್ನ ನಂಬಿಕೆ. ಬ್ಲೌಸ್ ಹೊಲಿಯುವ 14ನೇ ನಂಬರ್ ಸೂಜಿ ತೆಗೆದಿಡಿ. ಜೋಡಿಸುವ ಹೊಲಿಗೆಗೆ 16, ಬಕ್ರಂ ಮೇಲೆ ಹೋಗುವ ಹೊಲಿಗೆಗೆ 18. ಜೋಡಣೆಗೆ ಇಂಚಿಗೆ 10 ಹೊಲಿಗೆ ಬೀಳುವಂತೆ, ಮೇಲ್ಹೊಲಿಗೆಗೆ 8 ಬೀಳುವಂತೆ ಇಟ್ಟುಕೊಳ್ಳಿ. ದಪ್ಪ ಬಟ್ಟೆಗೆ ಸಣ್ಣ ಹೊಲಿಗೆ ಹಾಕಿದರೆ ಅಂಚೆಚೀಟಿಯ ತೂತಿನ ಹಾಗೆ ಆಗಿ ಅಲ್ಲೇ ಹರಿಯುತ್ತದೆ. ಮಿಕ್ಕ ಬಟ್ಟೆ, ಕ್ಯಾನ್ವಾಸ್, ಬಕ್ರಂ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಮೊದಲು ಅದರ ಮೇಲೆ ಹೊಲಿದು ನೋಡಿ. ಕೆಳಗೆ ನೂಲು ಗಂಟುಗಂಟಾದರೆ ಮೇಲಿನ ಟೆನ್ಷನ್ ಸ್ವಲ್ಪ ಬಿಗಿ ಮಾಡಿ. ಹೊಲಿಗೆ ತಪ್ಪಿಸಿದರೆ ಮೊದಲ ಅನುಮಾನ ಸೂಜಿಯ ಮೇಲಿರಲಿ. ಮೊಂಡಾಗಿರುತ್ತದೆ, ಇಲ್ಲ ಪೂರ್ತಿ ಮೇಲಕ್ಕೆ ಕೂತಿರುವುದಿಲ್ಲ.

ಹೊರಬುಟ್ಟಿ

ಹಿಡಿಗಳನ್ನು ಮೊದಲೇ, ಬಟ್ಟೆ ಚಪ್ಪಟೆಯಾಗಿರುವಾಗಲೇ ಹಾಕಿಬಿಡಿ. 4 ಇಂಚಿನ ಪಟ್ಟಿಯನ್ನು ಉದ್ದಕ್ಕೆ ನಡುವೆ ಮಡಿಚಿ, ಬಿಡಿಸಿ, ಎರಡೂ ಅಂಚು ಆ ನಡುಗೆರೆಗೆ ತಂದು ಮತ್ತೆ ಮಡಿಚಿದರೆ ನಾಲ್ಕು ಪದರದ 1 ಇಂಚು ಪಟ್ಟಿ. ಎರಡೂ ಉದ್ದಂಚಿಗೆ ಹೊಲಿಗೆ ಹಾಕಿ. ತುದಿಗಳನ್ನು ಅರ್ಧರ್ಧ ಇಂಚು ಒಳಗೆ ಮಡಿಚಿ. 12 ಇಂಚಿನ ಗೋಡೆಯ ನಡುವೆ, ಮೇಲಿನ ಅಂಚಿನಿಂದ ಎರಡೂವರೆ ಇಂಚು ಕೆಳಗೆ ಅಡ್ಡಲಾಗಿ ಇಡಿ. ಪಟ್ಟಿ 10 ಇಂಚು ಇದೆ, ಅದನ್ನು ತುದಿಯಿಂದ ತುದಿಗೆ 8 ಇಂಚಿನ ಜಾಗದಲ್ಲಿ ಕೂರಿಸಿ. ಆ 2 ಇಂಚು ಸಡಿಲವೇ ಬೆರಳು ತೂರುವ ಜಾಗ. ಎರಡು ತುದಿಗಳಲ್ಲೂ 1 ಇಂಚಿನ ಚೌಕ ಹೊಲಿಗೆ, ಅದರೊಳಗೆ ಗುಣಾಕಾರದ ಗುರುತು. ಕೆಳಗೆ ಬಕ್ರಂ ಇರುವುದರಿಂದ ಬಟ್ಟೆ ಹರಿಯುವ ಭಯವಿಲ್ಲ.

ಈಗ ಎರಡು ತುಂಡುಗಳನ್ನು ಸೀದಾ ಬದಿ ಎದುರುಬದುರಾಗಿ ಇಟ್ಟು ಕ್ಲಿಪ್ ಹಾಕಿ. ಎರಡೂ ಪಕ್ಕ, ಆಮೇಲೆ ತಳ, ಮೂರೂ ಕಡೆ ಅರ್ಧ ಇಂಚು ಮಾರ್ಜಿನ್‌ಗೆ ಹೊಲಿಯಿರಿ. ಚೌಕ ಕತ್ತರಿಸಿದ ಜಾಗ ಹಾಗೇ ತೆರೆದಿರಲಿ. ಶುರುವಿಗೂ ಕೊನೆಗೂ ಹಿಂದಕ್ಕೆ ನಾಲ್ಕು ಹೊಲಿಗೆ. ಮಾರ್ಜಿನ್‌ಗಳನ್ನು ಎರಡು ಕಡೆಗೆ ಬಿಡಿಸಿ ಇಸ್ತ್ರಿ ಒತ್ತಿ.

ಮೂಲೆ ಕೂಡಿಸುವುದು ಮೊದಲ ಸಲ ಎಲ್ಲರಿಗೂ ಗಲಿಬಿಲಿ. ಬಾಯಿ ತೆರೆದಿರುವ ಚೌಕದೊಳಗೆ ಎರಡು ಕೈಯ ಹೆಬ್ಬೆರಳು ತೂರಿಸಿ, ಹೊರಕ್ಕೆ ಎಳೆಯಿರಿ. ಪಕ್ಕದ ಹೊಲಿಗೆಯ ತುದಿ ತಳದ ಹೊಲಿಗೆಯ ತುದಿಗೆ ಬಂದು ಮುಟ್ಟಬೇಕು. ಆಗ ಚೌಕದ ಬಾಯಿ ಮುಚ್ಚಿ ಒಂದು ನೇರ ಗೆರೆ ಆಗುತ್ತದೆ. ಎರಡು ಹೊಲಿಗೆಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ ನೋಡಿ, ಅಲ್ಲಿ ಮೊದಲ ಕ್ಲಿಪ್ ಹಾಕಿ, ಆಮೇಲೆ ಎರಡು ತುದಿ. ಅರ್ಧ ಇಂಚು ಮಾರ್ಜಿನ್‌ಗೆ ಹೊಲಿಯಿರಿ. ಅದೇ ಗೆರೆಯ ಮೇಲೆ ಇನ್ನೊಮ್ಮೆ. ಬುಟ್ಟಿಯ ಭಾರವೆಲ್ಲ ಬೀಳುವ ಜಾಗ ಇದು. ಇನ್ನೊಂದು ಮೂಲೆಯೂ ಹಾಗೇ.

ಸೀದಾ ಬದಿಗೆ ತಿರುಗಿಸಿ. ನಿಧಾನ. ಬಕ್ರಂ ಇರುವ ಗೋಡೆಯನ್ನು ಮುದುರಬೇಡಿ, ಒಂದೊಂದೇ ಗೋಡೆಯನ್ನು ಹೊರಕ್ಕೆ ಮಗುಚಿ.

ಮೂಲೆ ಚಿವುಟುವುದು

ಇಡೀ ಕೆಲಸದಲ್ಲಿ ಇದೊಂದನ್ನು ಬಿಡಬೇಡಿ. ಮುಂಚೆ ಮಡಿಚಿ ಇಸ್ತ್ರಿ ಮಾಡಿದ ನೇರ ಗೆರೆ ಇದೆಯಲ್ಲ, ಅಲ್ಲಿ ಬಟ್ಟೆಯನ್ನು ಹೊರಗಿನಿಂದ ಎರಡು ಬೆರಳಲ್ಲಿ ಚಿವುಟಿ ಹಿಡಿಯಿರಿ. ಸೀರೆ ನೆರಿಗೆ ಹಿಡಿದ ಹಾಗೆ. ಮಡಿಕೆಯ ತುದಿಯಿಂದ ಅರೆಕಾಲು ಇಂಚು ಒಳಗೆ, ಕಂಠದಿಂದ ತಳದ ಕಡೆಗೆ ನೇರ ಹೊಲಿಗೆ ಹಾಕಿ. ಬಕ್ರಂ ತುಂಡನ್ನು ಅಷ್ಟೇ ದೂರ ಇಟ್ಟಿದ್ದರಿಂದ ಸೂಜಿ ಅದರ ಅಂಚಿಗೆ ಸರಿಯಾಗಿ ಬೀಳುತ್ತದೆ, ದಪ್ಪದ ಮೇಲೆ ಹತ್ತುವುದಿಲ್ಲ. ತಳ ಕಾಲು ಇಂಚು ಇರುವಾಗ ನಿಲ್ಲಿಸಿ, ಹಿಂದಕ್ಕೆ ಹೊಲಿದು ಬಿಗಿ ಮಾಡಿ. ಕೊನೆಯ ಒಂದು ಇಂಚಿಗೆ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿದರೆ ಒಳ್ಳೆಯದು.

ಇಂಥ ನೇರ ಮೂಲೆ ನಾಲ್ಕು. ತಳದಲ್ಲಿ ಉದ್ದದ ಬದಿಗೆ ಎರಡು ಮಡಿಕೆ, ಅವನ್ನೂ ಹೀಗೇ ಚಿವುಟಿ ಹೊಲಿಯಿರಿ. ಅಡ್ಡದ ಬದಿಯ ತಳದಲ್ಲಿ ಆಗಲೇ ಮೂಲೆ ಹೊಲಿಗೆ ಇದೆ, ಅದು ಸಾಕು.

ಆರೂ ಆದ ಮೇಲೆ ಬುಟ್ಟಿಯನ್ನು ಟೇಬಲ್ ಮೇಲೆ ಇಟ್ಟು ನೋಡಿ. ಒಳಗೆ ಲೈನಿಂಗ್ ಇಲ್ಲ, ಹಲಗೆ ಇಲ್ಲ, ಕಂಠ ಇಲ್ಲ. ಆದರೂ ನಿಲ್ಲುತ್ತದೆ. ನಾನು ಮೊದಲ ಸಲ ಇದನ್ನು ನೋಡಿ ಅತ್ತೆಯನ್ನು ಕೂಗಿ ಕರೆದಿದ್ದೆ. ಅವರು ಬಂದು ನೋಡಿ, ‘ಹೂಂ, ಇದಕ್ಕೆ ತೂತು ಗೀತು ಇಲ್ವಲ್ಲ, ಹುಣಸೆಹಣ್ಣು ಹಾಕಬಹುದಾ?’ ಅಂದರು. ಹಾಕಬಾರದು, ಕಲೆ ಹೋಗಲ್ಲ.

ಲೈನಿಂಗ್

ಲೈನಿಂಗ್ ಹೊಲಿಯುವ ಕ್ರಮ ಹೊರಬುಟ್ಟಿಯದ್ದೇ. ಒಂದೇ ಬದಲಾವಣೆ: ಪಕ್ಕ, ತಳ, ಮೂಲೆ ಎಲ್ಲಕ್ಕೂ ಅರ್ಧ ಇಂಚಿನ ಬದಲು ಮುಕ್ಕಾಲು ಇಂಚು ಮಾರ್ಜಿನ್. ಹೊರಗಿನ ನಾಲ್ಕು ಮೂಲೆ ಚಿವುಟಿದಾಗ ಒಂದೊಂದಕ್ಕೆ ಕಾಲು ಇಂಚು ಹೋಯಿತು, ಒಟ್ಟು 1 ಇಂಚು. ಬುಟ್ಟಿಯ ಬಾಯಿ ಸುತ್ತಳತೆ 40 ಇದ್ದದ್ದು ಈಗ 39. ಲೈನಿಂಗ್‌ನ ಎರಡು ಪಕ್ಕದ ಹೊಲಿಗೆಯಲ್ಲಿ ಮಾರ್ಜಿನ್ ಕಾಲು ಇಂಚು ಹೆಚ್ಚು ಹಿಡಿದರೆ ಅಲ್ಲೂ 1 ಇಂಚು ಹೋಗಿ 39ಕ್ಕೆ ಬರುತ್ತದೆ. ಒಳಗೆ ಚೀಲದಂತೆ ಜೋಲುವ ಲೈನಿಂಗ್ ನೋಡಿದ್ದೀರಲ್ಲ, ಅದು ಈ ಲೆಕ್ಕ ಬಿಟ್ಟದ್ದರ ಫಲ. ಒಳಜೇಬು ಬೇಕಾದರೆ ಪಕ್ಕಗಳನ್ನು ಕೂಡಿಸುವ ಮೊದಲೇ ಹೊಲಿದುಬಿಡಿ. ಮೂಲೆಯಲ್ಲಿ ಮಿಕ್ಕ ಮಾರ್ಜಿನ್ ಅರ್ಧಕ್ಕೆ ಕತ್ತರಿಸಿ.

ಬ್ಯಾಗ್ ಹೊಲಿಯುವವರು ಸಾಮಾನ್ಯವಾಗಿ ಹೊರಗಿನದ್ದು ಲೈನಿಂಗ್ ಎರಡನ್ನೂ ಉಲ್ಟಾ ಇಟ್ಟು ಬಾಯಿ ಸುತ್ತ ಹೊಲಿದು, ಲೈನಿಂಗ್‌ನಲ್ಲಿ ಬಿಟ್ಟ ಸಣ್ಣ ಸಂದಿನಿಂದ ಎಲ್ಲವನ್ನೂ ಹೊರಕ್ಕೆ ಎಳೆಯುತ್ತಾರೆ. ಮೆತ್ತನೆ ಬ್ಯಾಗಿಗೆ ಅದು ಸರಿ. ಬಕ್ರಂ ಬುಟ್ಟಿಗೆ ಬೇಡವೇ ಬೇಡ. ನಾನೊಮ್ಮೆ 5 ಇಂಚು ಸಂದಿನಿಂದ ಎಳೆದೆ. ಬುಟ್ಟಿ ಹೊರಗೆ ಬಂತು, ಬಕ್ರಂ ಮಾತ್ರ ಹಪ್ಪಳದ ಹಾಗೆ ಮುರಿಮುರಿಯಾಗಿತ್ತು. ಎಷ್ಟು ಇಸ್ತ್ರಿ ಮಾಡಿದರೂ ಆ ಗೆರೆಗಳು ಹೋಗಲಿಲ್ಲ. ಅದಕ್ಕೇ ಇಲ್ಲಿ ಲೈನಿಂಗ್ ಅನ್ನು ಹಾಗೇ ಒಳಗೆ ಇಳಿಬಿಡುತ್ತೇವೆ.

ಕಂಠ

ಹೊರಬುಟ್ಟಿಯ ಬಾಯಿಯ ಮಾರ್ಜಿನ್ ಅರ್ಧ ಇಂಚನ್ನು ಒಳಕ್ಕೆ ಮಡಿಚಿ ಇಸ್ತ್ರಿ ಒತ್ತಿ. ಲೈನಿಂಗ್‌ನ ಬಾಯಿಯನ್ನು ಅರ್ಧ ಇಂಚು ಉಲ್ಟಾ ಕಡೆಗೆ ಮಡಿಚಿ ಒತ್ತಿ. ಲೈನಿಂಗ್ ಅನ್ನು ಉಲ್ಟಾ ಬದಿ ಹೊರಗಿರುವಂತೆಯೇ ಬುಟ್ಟಿಯೊಳಗೆ ಇಳಿಸಿ. ಪಕ್ಕದ ಹೊಲಿಗೆಗಳು ಒಂದಕ್ಕೊಂದು ಎದುರಿಗೆ ಬರಲಿ, ಅಲ್ಲಿ ಮೊದಲ ಎರಡು ಕ್ಲಿಪ್. ಆಮೇಲೆ ನಾಲ್ಕು ಮೂಲೆ, ಆಮೇಲೆ ನಡುವೆ. ಲೈನಿಂಗ್‌ನ ಅಂಚು ಹೊರಬಟ್ಟೆಗಿಂತ ಒಂದು ಕೂದಲಷ್ಟು ಕೆಳಗಿದ್ದರೆ ಹೊರಗಿನಿಂದ ಕಾಣುವುದಿಲ್ಲ.

ಅಂಚಿನಿಂದ ಅರೆಕಾಲು ಇಂಚಿಗೆ ಸುತ್ತ ಮೊದಲ ಹೊಲಿಗೆ. ಶುರುಮಾಡುವ ಮೊದಲು ಕೆಳಗಿನ ಪ್ಯಾಕಿಂಗ್ ಪಟ್ಟಿಯ ಮಾತನ್ನೂ ಓದಿಕೊಳ್ಳಿ, ಪಟ್ಟಿ ಈ ಹೊಲಿಗೆಯ ಜೊತೆಗೇ ಒಳಗೆ ಹೋಗಬೇಕು. ಚಪ್ಪಟೆ ಮೆಷಿನ್ ಮೇಲೆ ಬುಟ್ಟಿಯನ್ನು ಮಲಗಿಸಿ, ಮೆಷಿನ್‌ನ ಪಾದ ಬುಟ್ಟಿಯ ಬಾಯಿಯೊಳಗೆ ಇರುವ ಹಾಗೆ ಹಿಡಿಯಿರಿ. ಆಗ ಮೇಲೆ ಕಾಣುವುದು ಲೈನಿಂಗ್, ಹೊರಬಟ್ಟೆ ಕೆಳಗೆ. ಅಂದರೆ ಹೊರಗೆ ಕಾಣುವ ನೂಲು ಬಾಬಿನ್‌ನದ್ದು! ಇದು ಮರೆತು ನಾನು ನೀಲಿ ಬುಟ್ಟಿಯ ಕಂಠಕ್ಕೆ ಬ್ಲೌಸಿನ ಗುಲಾಬಿ ನೂಲು ಹೊಡೆದಿದ್ದೇನೆ. ಬಾಬಿನ್‌ಗೆ ಹೊರಬಟ್ಟೆಯ ಬಣ್ಣ, ಮೇಲೆ ಲೈನಿಂಗ್‌ನ ಬಣ್ಣ. ಚಿವುಟಿದ ಮೂಲೆಗಳು ಬಂದಾಗ ಪದರ ಜಾಸ್ತಿ. ಅಲ್ಲಿ ಒಣ ಸೋಪಿನ ಚೂರು ಸ್ವಲ್ಪ ಉಜ್ಜಿ, ಚಕ್ರ ಕೈಯಲ್ಲಿ ತಿರುಗಿಸಿ ದಾಟಿಸಿ. ಪೆಡಲ್ ಒತ್ತಿ ನುಗ್ಗಿಸಿದರೆ ಸೂಜಿ ಮುರಿದು ಮುಖಕ್ಕೆ ಹಾರಬಹುದು.

ಈಗ ಪ್ಯಾಕಿಂಗ್ ಪಟ್ಟಿ. 11 ಇಂಚಿನ ಎರಡು, 7 ಇಂಚಿನ ಎರಡು ತುಂಡು ಮಾಡಿ, ತುದಿಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡಿ. ಚೂಪಾಗಿ ಬಿಟ್ಟರೆ ಆರು ತಿಂಗಳಲ್ಲಿ ಬಟ್ಟೆ ಕೊರೆದು ಹೊರಗೆ ಇಣುಕುತ್ತದೆ. ಪಟ್ಟಿ ಮೂಲೆಯನ್ನು ಸುತ್ತಬಾರದು. ಸುತ್ತಿದರೆ ಬುಟ್ಟಿಯ ಬಾಯಿ ದುಂಡಗಾಗುತ್ತದೆ. ಹೊರಗೋಡೆಗೂ ಲೈನಿಂಗ್‌ಗೂ ನಡುವೆ, ಮೊದಲ ಹೊಲಿಗೆಗೆ ತಾಗಿಕೊಂಡು ಪಟ್ಟಿ ಕೂರಬೇಕು. ಆದರೆ ಬಾಯಿ ಆಗಲೇ ಮುಚ್ಚಿದೆಯಲ್ಲ, ಹೇಗೆ ತೂರಿಸುವುದು? ಹಾಗಾಗಿ ಮೊದಲ ಹೊಲಿಗೆ ಹಾಕುವಾಗಲೇ ಒಂದೊಂದು ಗೋಡೆ ಬಂದಂತೆ ಕ್ಲಿಪ್ ತೆಗೆದು ಪಟ್ಟಿ ಒಳಗಿಟ್ಟು, ಸ್ವಲ್ಪ ಕೆಳಕ್ಕೆ ಇಳಿಸಿ, ಮತ್ತೆ ಕ್ಲಿಪ್ ಹಾಕಿ ಮುಂದೆ ಹೋಗಿ. ಸುತ್ತು ಪೂರ್ತಿ ಆದ ಮೇಲೆ ಹೊರಗಿನಿಂದ ಬೆರಳಲ್ಲಿ ತಳ್ಳಿ ನಾಲ್ಕೂ ಪಟ್ಟಿಗಳನ್ನು ಮೇಲಕ್ಕೆ ತನ್ನಿ, ಕೆಳಗೆ ಕ್ಲಿಪ್ ಹಾಕಿ ಹಿಡಿದಿಡಿ. ಅಂಚಿನಿಂದ ಮುಕ್ಕಾಲು ಇಂಚಿಗೆ ಎರಡನೇ ಸುತ್ತು ಹೊಲಿಗೆ, 18ನೇ ನಂಬರ್ ಸೂಜಿಯಲ್ಲಿ. ಎರಡು ಹೊಲಿಗೆಯ ನಡುವೆ ಪಟ್ಟಿ ಸೆರೆಯಾಯಿತು. ಮಂಕರಿಯ ಕಂಠ ನಮ್ಮ ಬಟ್ಟೆಗೂ ಬಂತು.

ತಳದ ಹಲಗೆ

ಪರೀಕ್ಷೆ ಪ್ಯಾಡನ್ನು 11 ಕಾಲು ಇಂಚು ಉದ್ದ, 7 ಕಾಲು ಇಂಚು ಅಗಲಕ್ಕೆ ಗುರುತು ಮಾಡಿ. ಸ್ಕೇಲು ಒತ್ತಿ ಹಿಡಿದು ಕಟ್ಟರ್‌ನಿಂದ ಒಂದೇ ಗೆರೆಯ ಮೇಲೆ ಏಳೆಂಟು ಸಲ ಗೀರಿ, ಮೇಜಿನ ಅಂಚಿಗೆ ಇಟ್ಟು ಒತ್ತಿದರೆ ಮುರಿಯುತ್ತದೆ. ದಪ್ಪ ಪ್ಯಾಡ್ ಆದರೆ ಹ್ಯಾಕ್ಸಾ ಬ್ಲೇಡ್ ಬೇಕು. ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿ. ಮಿಕ್ಕ ಲೈನಿಂಗ್‌ನಲ್ಲಿ ಅದಕ್ಕೊಂದು ದಿಂಬಿನ ಕವರ್ ಥರ ಹೊಲಿದು, ಹಾಕಿ, ಬುಟ್ಟಿಯ ತಳದಲ್ಲಿಡಿ. ಅಂಟಿಸಬೇಡಿ, ಒಗೆಯುವಾಗ ತೆಗೆಯಬೇಕು.

ಸರಿಹೋಗದಿದ್ದರೆ

ಬುಟ್ಟಿ ಒಂದು ಮೂಲೆಗೆ ವಾಲಿದರೆ ಹೆಚ್ಚಾಗಿ ತಪ್ಪು ತಳದಲ್ಲಿರುತ್ತದೆ, ಗೋಡೆಯಲ್ಲಲ್ಲ. ಎರಡು ಮೂಲೆ ಹೊಲಿಗೆಗಳಲ್ಲಿ ಒಂದರ ಮಾರ್ಜಿನ್ ಹೆಚ್ಚು ಕಡಿಮೆ ಆಗಿರುತ್ತದೆ. ಬಿಚ್ಚಿ ಹೊಲಿಯುವುದೇ ದಾರಿ. ಗೋಡೆ ಹೊಟ್ಟೆ ಬಂದ ಹಾಗೆ ಹೊರಕ್ಕೆ ಉಬ್ಬಿದರೆ ಲೈನಿಂಗ್ ದೊಡ್ಡದಾಗಿಲ್ಲ, ಬಕ್ರಂ ಮೆತ್ತಗಿದೆ. ಗೋಡೆ ಒಳಕ್ಕೆ ಎಳೆದಿದ್ದರೆ ಲೈನಿಂಗ್ ಗಿಡ್ಡವಾಗಿದೆ. ಕಂಠದ ಹೊಲಿಗೆ ಅಲ್ಲಲ್ಲಿ ಸುಕ್ಕಾದರೆ ಪಾದದ ಒತ್ತಡ ಜಾಸ್ತಿ. ಮೆಷಿನ್ ತಲೆಯ ಮೇಲಿನ ಸ್ಕ್ರೂ ಒಂದೆರಡು ಸುತ್ತು ಸಡಿಲ ಮಾಡಿ.

ದುಂಡು ಬುಟ್ಟಿ ಬೇಕು ಅನ್ನುವವರಿಗೆ: ತಳದ ವ್ಯಾಸವನ್ನು 22ರಿಂದ ಗುಣಿಸಿ 7ರಿಂದ ಭಾಗಿಸಿ. 9 ಇಂಚಿನ ತಳಕ್ಕೆ 28 ಕಾಲು ಇಂಚು ಗೋಡೆ, ಮೇಲೆ ಮಾರ್ಜಿನ್. ಗೋಡೆಯ ಕೆಳ ಮಾರ್ಜಿನ್‌ಗೆ ಅರ್ಧರ್ಧ ಇಂಚಿಗೊಂದು ಕತ್ತರಿ ಹಾಕಿದರೆ ಮಾತ್ರ ಅದು ತಳದ ಸುತ್ತ ಬಾಗುತ್ತದೆ. ಚಿವುಟಲು ಮೂಲೆ ಇಲ್ಲವಾದ್ದರಿಂದ ಇಲ್ಲಿ ಪೂರ್ತಿ ಭಾರ ಕಂಠದ ಮೇಲೆ. ಪ್ಯಾಕಿಂಗ್ ಪಟ್ಟಿಯನ್ನು ಒಂದೇ ಉದ್ದ ಸುತ್ತಾಗಿ, ಎರಡು ಇಂಚು ಒಂದರ ಮೇಲೊಂದು ಬರುವಂತೆ ಹಾಕಿ. ಮೊದಲ ಬುಟ್ಟಿಗೆ ಇದನ್ನು ಆರಿಸಬೇಡಿ ಅನ್ನುವುದು ನನ್ನ ಮಾತು.

ಒಗೆಯುವಾಗ ಹಲಗೆ ತೆಗೆದು, ಬಕೆಟ್‌ನಲ್ಲಿ ಸೋಪುನೀರು ಮಾಡಿ ಬುಟ್ಟಿಯನ್ನು ಅದ್ದಿ, ಮೆತ್ತನೆ ಬ್ರಷ್‌ನಿಂದ ಉಜ್ಜಿ. ಹಿಂಡಬೇಡಿ, ಕಲ್ಲಿಗೆ ಬಡಿಯುವುದಂತೂ ಬೇಡ. ಸ್ಟೀಲ್ ಡಬ್ಬಿಯೊಂದನ್ನು ಮಗುಚಿಟ್ಟು ಅದರ ಮೇಲೆ ಬುಟ್ಟಿಯನ್ನು ಬೋರಲು ಹಾಕಿ ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗುವ ಮೊದಲು, ಇನ್ನೂ ತುಸು ಹಸಿ ಇರುವಾಗ, ನಾಲ್ಕು ಮೂಲೆಗಳನ್ನು ಬೆರಳಲ್ಲಿ ಮತ್ತೊಮ್ಮೆ ಚಿವುಟಿ ತೀಡಿಬಿಡಿ.